ಬಾಯಿಗೆ ಬಾರದ ಮಾತು
(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಸಂಘಗಳಲ್ಲಿ ಇಂಥವಳು ಒಬ್ಬಳಾದರೂ ಇರುತ್ತಾಳೆ. ವಾರದ ಸಭೆಗೆ ತಪ್ಪದೆ ಬರುತ್ತಾಳೆ, ಉಳಿತಾಯ ಕಟ್ಟಿ ಮೂಲೆಯಲ್ಲಿ ಕೂರುತ್ತಾಳೆ. ಕೈ ಮೇಲೆ ಬಾಸುಂಡೆ. "ಏನಾಯ್ತೇ?" ಅಂದರೆ ಬಾಯಿ ಬಿಡುವುದಿಲ್ಲ. ಎಂದಾದರೂ ಹೇಳಿದರೂ ಹಿಂದಿನದು ಮುಂದೆ, ಮುಂದಿನದು ಹಿಂದೆ. ಆಗ ನಾವೇ, "ಒಂದೊಂದ್ಸಲ ಒಂದೊಂದು ಹೇಳ್ತಾಳೆ, ಬರೀ ಸುಳ್ಳು" ಅಂದುಬಿಡುತ್ತೇವೆ.

ಹಾವು ಕಂಡಾಗ ನಿಮಗೆ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಕೆಲವರು ಓಡ್ತಾರೆ, ಕೆಲವರು ನಿಂತಲ್ಲೇ ಮರಗಟ್ಟುತ್ತಾರೆ. ಮೆದುಳಿನ ಒಳಗೆ ಬಾದಾಮಿಯಂಥ ಒಂದು ಸಣ್ಣ ಭಾಗವಿದೆ, ಅಮಿಗ್ಡಲ ಅಂತ ಹೆಸರು. ಅಪಾಯದ ಗಂಟೆ ಬಾರಿಸುವುದು ಅದರ ಕೆಲಸ. ಹಾವು ಹೋದರೆ ಗಂಟೆ ನಿಲ್ಲುತ್ತದೆ. ಆದರೆ ಕುಡಿದು ಬರುವ ಗಂಡನ ಹೆಜ್ಜೆ ಸದ್ದಿಗೆ ವರ್ಷಗಟ್ಟಲೆ ಕಿವಿಗೊಟ್ಟು ಮಲಗಿದವಳ ನರಮಂಡಲಕ್ಕೆ ಅದು ನಿಲ್ಲುವುದೇ ಕಷ್ಟ. ಪಾತ್ರೆ ಬಿದ್ದರೂ ಬೆಚ್ಚುತ್ತಾಳೆ.

ಇನ್ನು ಮಾತು. 1996ರಲ್ಲಿ ಅಮೆರಿಕದಲ್ಲಿ, ಆಘಾತದಿಂದ ಮನೋರೋಗಕ್ಕೆ ತುತ್ತಾಗಿದ್ದ 8 ಜನರಿಗೆ ಅವರವರ ಅನುಭವವನ್ನೇ ಕೇಳಿಸಿ ಮೆದುಳಿನ ಚಿತ್ರ ತೆಗೆದರು. ಮಾತು ಜೋಡಿಸುವ ಬ್ರೋಕಾ ಎಂಬ ಭಾಗದ ಚಟುವಟಿಕೆ ಆಗ ಇಳಿದಿತ್ತು. ಸಣ್ಣ ಅಧ್ಯಯನ, ಎಲ್ಲದಕ್ಕೂ ಅದೇ ಉತ್ತರ ಅಲ್ಲ. ಆದರೆ ಆಪ್ತಸಮಾಲೋಚನೆಯಲ್ಲಿ ನಾನು ಕಾಣುವುದಕ್ಕೆ ಅದು ಹೊಂದುತ್ತದೆ. ಒಬ್ಬ ಸಹೋದರಿ ಮೂರು ವಾರ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ನಾಲ್ಕನೇ ವಾರ ಒಂದೇ ಶಬ್ದ ಬಂತು: "ಚಿಲಕ." ಉಳಿದದ್ದು ಚೂರುಚೂರಾಗಿ, ತಿಂಗಳುಗಟ್ಟಲೆ.

ಅದಕ್ಕೇ ಮೊದಲ ದಿನ ನಾವು "ಏನು ನಡೆಯಿತು" ಎಂದು ಕೆದಕುವುದಿಲ್ಲ. ನೀರು ಕೊಡುತ್ತೇವೆ. ಅಂಗಾಲು ನೆಲಕ್ಕೆ ಊರಿ, ಉಸಿರನ್ನು ನಿಧಾನ ಹೊರಗೆ ಬಿಡಲು ಹೇಳುತ್ತೇವೆ. ಮೈ ಸ್ವಲ್ಪ ಸಡಿಲಾದರೆ ಮಾತಿಗೂ ದಾರಿಯಾಗುತ್ತದೆ. ಕೆಲವರಿಗೆ ಚಿತ್ರ ಬರೆಯುವುದು ಸುಲಭ.

ನೀವು ಇಷ್ಟು ಮಾಡಿ. ತುಂಬಿದ ಸಭೆಯಲ್ಲಿ ಅವಳನ್ನು ವಿಚಾರಣೆಗೆ ನಿಲ್ಲಿಸಬೇಡಿ. "ಆಗಲೇ ಯಾಕೆ ಕೂಗಲಿಲ್ಲ?" ಎಂದು ದಯವಿಟ್ಟು ಕೇಳಬೇಡಿ, ಮರಗಟ್ಟಿದವಳಿಗೆ ಕೂಗು ಬರುವುದಿಲ್ಲ. ಅವಳು ಹೇಳಿದ್ದು ನಿಮ್ಮಲ್ಲೇ ಇರಲಿ. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ, ಹಣ ಬೇಡ. ಮಹಿಳಾ ಸಹಾಯವಾಣಿ 181. ಜೀವಕ್ಕೇ ಅಪಾಯವಿದ್ದರೆ 112. ಮನೆಯಿಂದ ಫೋನು ಮಾಡಲು ಅವಳಿಗೆ ಆಗಲಿಕ್ಕಿಲ್ಲ. ಸಭೆಯ ದಿನ ನಿಮ್ಮ ಮೊಬೈಲ್ ಕೊಟ್ಟು ಪಕ್ಕದಲ್ಲಿ ಕೂತಿರಿ. ಅವಳು ತಡವರಿಸಿದರೂ ಅವಳ ಬದಲು ನೀವು ಮಾತಾಡಬೇಡಿ.