ರಾಟಿ ಹೋಯಿತು, ಮಗ್ಗ ಉಳಿಯಿತು

(ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯ ಆಫೀಸಿನಲ್ಲಿ ನೂಲಿನ ಲೆಕ್ಕ ಬರೆಯುವ ನನಗೆ ಭಾಷಣದ ರೂಢಿಯಿಲ್ಲ. ಗೊತ್ತಿದ್ದ ನೂಲನ್ನೇ ಹಿಡಿದು ನಾಲ್ಕು ಮಾತು ಹೇಳುತ್ತೇನೆ.

‘ಯಂತ್ರ ಬಂತು, ನೇಕಾರ ಕೆಟ್ಟ’ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಮೊದಲು ಕೆಟ್ಟವನು ನೇಕಾರನಲ್ಲ. ಮನೆಯಲ್ಲಿ ಕುಳಿತು ರಾಟಿ ತಿರುವುತ್ತಿದ್ದ ಹೆಣ್ಣುಮಗಳು.

ಹೇಗೆಂದು ನೋಡಿರಿ. ಇಂಗ್ಲಂಡದಲ್ಲಿ 1733ರಲ್ಲಿ ಜಾನ್ ಕೇ ಎಂಬವನು ಹುರಿ ಜಗ್ಗಿದರೆ ಓಡುವ ಲಾಳಿಯನ್ನು ಮಾಡಿದ. ನೇಯ್ಗೆ ಚುರುಕಾಯಿತು, ನೂಲು ಸಾಲದಾಯಿತು. ಆ ಕೊರತೆಯಿಂದಲೇ ಹಾರ್ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್ ಇವರ ನೂಲುವ ಯಂತ್ರಗಳು ಹುಟ್ಟಿದವು. ನೂರು ಪೌಂಡು ಹತ್ತಿ ನೂಲಲು ನಮ್ಮ ಕೈರಾಟಿಗೆ 50,000 ತಾಸು ಹಿಡಿಯುತ್ತಿದ್ದರೆ, 1795ರ ಯಂತ್ರಕ್ಕೆ 300 ತಾಸು ಸಾಕಾಯಿತೆಂದು ಲೆಕ್ಕ ಹಾಕಿದವರು ಹೇಳುತ್ತಾರೆ.

ನೂಲಿನ ‘ನಂಬರು’ ಎಂದರೇನೆಂದು ಕೆಲವರು ಕೇಳುವುದುಂಟು. 840 ಗಜದ ಎಷ್ಟು ಲಡಿಗಳು ಸೇರಿ ಒಂದು ಪೌಂಡು ತೂಗುತ್ತವೋ ಅದೇ ನಂಬರು. 40ನೇ ನಂಬರಿನ ಒಂದು ಪೌಂಡು ನೂಲನ್ನು ಬೋರಿಬಂದರದಿಂದ ಬಿಚ್ಚುತ್ತ ಬಂದರೆ ಹತ್ತಿರ ಹತ್ತಿರ ಮುಲುಂಡ ಮುಟ್ಟುತ್ತದೆ. ಅಷ್ಟುದ್ದದ ಎಳೆಯನ್ನು ಬೆರಳ ತುದಿಯಿಂದ ತೆಗೆದವಳ ತಾಳ್ಮೆ ಎಂಥದಿರಬೇಕು!

ನಮ್ಮಲ್ಲಿ ಮೊದಲು ವಿಲಾಯತಿ ನೂಲು ಬಂತು. ಆಮೇಲೆ ಮುಂಬಯಿಯಲ್ಲಿ ದಾವರರ ಗಿರಣಿ 1856ರಲ್ಲಿ ಶುರುವಾಯಿತು. ಗೋಕಾಕದಲ್ಲಿ 1887ರಲ್ಲಿ ಜಲಪಾತದ ನೀರೇ ಗಿರಣಿಯನ್ನು ತಿರುಗಿಸಿತು. ಗಿರಣಿ ನೂಲು ಅಗ್ಗ, ಎಳೆ ಸಮ. ನೇಕಾರ ಅದನ್ನೇ ಕೊಂಡು ಹಾಸು ಹೂಡಿದ. ಅವನನ್ನು ಕೆಲಕಾಲ ಬದುಕಿಸಿದ್ದೂ ಗಿರಣಿಯೇ, ಪಕ್ಕದ ಮನೆಯ ವಿಧವೆಯ ಅಂಬಲಿ ಕಸಿದದ್ದೂ ಗಿರಣಿಯೇ. 1982ರ ಮುಂಬಯಿ ಸಂಪು ಇಂದಿಗೂ ಜನರ ಬಾಯಲ್ಲಿದೆ. ನೂಲುವವಳಿಗೆ ಸಂಘವಿರಲಿಲ್ಲ, ಸಂಪು ಹೂಡಲು ಗೇಟೂ ಇರಲಿಲ್ಲ.

ಮುಂದೆ ಗಾಂಧೀಜಿಯವರು ಚರಕ ಬೇಕೆಂದಾಗ ಅದು ಸಿಕ್ಕುವುದೇ ಕಷ್ಟವಾಯಿತು. ಕೊನೆಗೆ ಗಂಗಾಬಹೆನ್ ಮಜ್ಮುದಾರರು ವಿಜಾಪುರದಲ್ಲಿ ಅದನ್ನು ಪತ್ತೆ ಹಚ್ಚಿದರು. (ನಮ್ಮ ವಿಜಾಪುರವಲ್ಲ, ಬಡೋದೆ ಸಂಸ್ಥಾನದ್ದು.) ಎಷ್ಟೋ ಮನೆಗಳಲ್ಲಿ ರಾಟಿಗಳು ಅಟ್ಟದ ಮೇಲೆ ಬಿದ್ದಿದ್ದವು. ಹಂಜಿ ಕೊಟ್ಟು ನೂಲನ್ನು ಕೊಳ್ಳುವುದಾದರೆ ತಿರುಗಿ ನೂಲುತ್ತೇವೆ ಎಂದರಂತೆ ಆ ಜನ. ಅವರು ಕೈಕಸಬನ್ನು ಮರೆತಿರಲಿಲ್ಲ, ಕೊಳ್ಳುವವರಿರಲಿಲ್ಲ, ಅಷ್ಟೇ.

ಆಮೇಲೆ ನೇಕಾರನ ಸರದಿಯೂ ಬಂತು. ಭಿವಂಡಿಯ ಪಾವರ್‌ಲೂಮಿನ ಸದ್ದನ್ನು ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಆದರೂ ಇಳಕಲ್ಲಿನ ಕೈಮಗ್ಗದ ಸೀರೆಯಲ್ಲಿ ಒಂದು ಕೆಲಸವಿದೆ. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೈಯಿಂದಲೇ ಜೋಡಿಸುತ್ತಾರೆ.

ಲೋಕಲ್ ಗಾಡಿ ಹಿಡಿಯುವವರಿದ್ದೀರಿ, ನಿಲ್ಲಿಸುತ್ತೇನೆ. ಯಾರ ಮನೆಯಲ್ಲಾದರೂ ಅವ್ವನ ಹಳೆಯ ಇಳಕಲ್ಲ ಸೀರೆ ಇದ್ದರೆ ಬರುವ ರವಿವಾರ ತನ್ನಿರಿ. ಆ ಕೊಂಡಿಗಳನ್ನು ತೋರಿಸುತ್ತೇನೆ.