ನಾಲ್ಕು ಸುವಾರ್ತೆ, ನಾಲ್ಕು ಶೂನ್ಯಸಂಪಾದನೆ



ಶನಿವಾರ ಬೆಳಿಗ್ಗೆ ಸಾರಕ್ಕಿ ಸಿಗ್ನಲ್ ದಾಟಿಕೊಂಡು ಹೊತ್ತಿಗೆ ಸರಿಯಾಗಿ ಜೆ.ಪಿ. ನಗರ ಮುಟ್ಟಿದ್ದೀರಿ ಎಂದರೆ ವಿಷಯದ ಮೇಲೆ ನಿಮಗೆ ನಿಜವಾದ ಆಸಕ್ತಿ ಇದೆ ಎಂದೇ ಅರ್ಥ. ಆದ್ದರಿಂದ ಪೀಠಿಕೆ ಬೆಳೆಸುವುದಿಲ್ಲ. ಹಳಗನ್ನಡದ ಓಲೆಗರಿ ನೋಡಿಕೊಂಡಿರುವ ಮೇಷ್ಟ್ರನ್ನು ಸುವಾರ್ತೆಗಳ ವಿಚಾರ ಸಂಕಿರಣಕ್ಕೆ ಯಾಕೆ ಕರೆದರು ಎಂದು ಕೆಲವರಿಗಾದರೂ ಅನ್ನಿಸಿರಬಹುದು. ನನ್ನ ಮಾತು ಇಷ್ಟೆ. ಸುವಾರ್ತೆಗಳ ಬಗ್ಗೆ ಯುರೋಪಿನ ವಿದ್ವಾಂಸರು ಇನ್ನೂರು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಗಳನ್ನೇ ನಮ್ಮವರು ವಚನಗಳ ಬಗ್ಗೆ ಕೇಳುತ್ತ ಬಂದಿದ್ದಾರೆ. ಬರೆದವರು ಯಾರು? ಎಷ್ಟು ಕಾಲದ ಮೇಲೆ ಬರೆದರು? ನಡುವೆ ಸೇರಿದ್ದೇನು, ಬಿಟ್ಟುಹೋದದ್ದೇನು? ಆದರೆ ಇವರ ಕೆಲಸವನ್ನು ಅವರು ಓದುವುದಿಲ್ಲ, ಅವರ ಕೆಲಸವನ್ನು ಇವರು ಓದುವುದಿಲ್ಲ.

ಹಾಗೆ ನೋಡಿದರೆ ನೆಂಟಸ್ತನ ಹಳೆಯದು. 1831ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಲಾಖ್‌ಮನ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಆವರೆಗೆ ರೂಢಿಯಲ್ಲಿದ್ದ ಮುದ್ರಿತ ಪಾಠವನ್ನು ಬದಿಗಿಟ್ಟು ಪ್ರಾಚೀನ ಹಸ್ತಪ್ರತಿಗಳನ್ನೇ ನೆಚ್ಚಿದ ಆವೃತ್ತಿ ಅದು. ಅದೇ 1831ರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ಕೈಯಲ್ಲಿ ಕನ್ನಡದ ಮೊದಲ ಪೂರ್ಣ ಬೈಬಲ್ ಸಿದ್ಧವಾಯಿತು. ಲಾಖ್‌ಮನ್ನನ ಹೆಸರಿನಲ್ಲಿ ಬೆಳೆದ ಗ್ರಂಥಸಂಪಾದನೆಯ ಶಾಸ್ತ್ರ ಮುಂದೆ ಮೈಸೂರಿಗೂ ಬಂತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದ ಮೇಲೆ ಪಾಠಾಂತರ, ಪ್ರಕ್ಷಿಪ್ತ, ಲಿಪಿಕಾರನ ಕೈತಪ್ಪು ಎಂಬವೆಲ್ಲ ಎಂ.ಎ. ತರಗತಿಯ ದಿನಬಳಕೆಯ ಮಾತಾದವು.

ಹರ್ಮನ್ ಮೋಗ್ಲಿಂಗ್ ಕೂಡ ಈ ಕಥೆಯಲ್ಲಿದ್ದಾನೆ. ಅವನು ದೇವಶಾಸ್ತ್ರ ಓದಿದ್ದು ಟ್ಯೂಬಿಂಗನ್ನಿನಲ್ಲಿ. ಅದೇ ಊರಿನಲ್ಲಿ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ 1835ರಲ್ಲಿ ಯೇಸುವಿನ ಜೀವನವನ್ನು ವಿಮರ್ಶೆಯ ಕಣ್ಣಿನಿಂದ ಬರೆದು ಕೆಲಸ ಕಳೆದುಕೊಂಡ. ಮರುವರ್ಷ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದ. ಸುವಾರ್ತೆ ಸಾರಲು ಬಂದವನು ‘ಮಂಗಳೂರ ಸಮಾಚಾರ’ ತೆಗೆದ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದ. ಅವನು ಸ್ಟ್ರೌಸ್‌ನ ದಾರಿಯವನಲ್ಲ, ಭಕ್ತಿಯ ಪಂಗಡದವನು. ಆದರೆ ಇಬ್ಬರೂ ಓದಿನಲ್ಲಿ ಪಳಗಿದ್ದು ಒಂದೇ ಗರಡಿಯಲ್ಲಿ. ಸ್ಟ್ರೌಸ್‌ನನ್ನು 1839ರಲ್ಲಿ ಜೂರಿಕ್‌ನಲ್ಲಿ ಪ್ರಾಧ್ಯಾಪಕನಾಗಿ ನೇಮಿಸಿದಾಗ ಊರಿಗೆ ಊರೇ ಎದ್ದು, ಒಂದು ಪಾಠವನ್ನೂ ಮಾಡದೆ ಅವನು ಪಿಂಚಣಿ ಪಡೆದು ಕೂರಬೇಕಾಯಿತು. ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಸಂಶೋಧನ ಗ್ರಂಥ ‘ಮಾರ್ಗ’ದ ಕೆಲವು ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡದ್ದನ್ನು ಬಲ್ಲ ನಮಗೆ ಜೂರಿಕ್ ಅಷ್ಟೇನೂ ದೂರದ ಊರಲ್ಲ.

ಈಗ ಸುವಾರ್ತೆಗಳಿಗೆ ಬರೋಣ. ಎರಡು ಮಾತು ಇಂದಿಗೂ ಧಾರಾಳವಾಗಿ ಓಡಾಡುತ್ತಿವೆ. ನಾಲ್ಕನ್ನೂ ಕಣ್ಣಾರೆ ಕಂಡವರೇ ಕೂತು ಬರೆದರು ಎಂಬುದು ಒಂದು. ಎಲ್ಲವೂ 325ರ ನೈಸಿಯಾ ಸಭೆಯಲ್ಲಿ ಹುಟ್ಟಿಸಿದ ಕಟ್ಟುಕಥೆ ಎಂಬುದು ಇನ್ನೊಂದು. ಎರಡನೆಯದು ನಿಲ್ಲುವುದಿಲ್ಲ. ಸುಮಾರು 180ರ ಹೊತ್ತಿಗೇ ಬಿಷಪ್ ಐರಿನೇಯಸ್ ನಾಲ್ಕನ್ನೂ ಹೆಸರಿಸಿ, ನಾಲ್ಕೇ ಯಾಕೆ ಎಂದು ವಾದಿಸುತ್ತಾನೆ. ಮೊದಲನೆಯದೂ ಹಾಗೆಹಾಗೇ ನಿಲ್ಲುವುದಿಲ್ಲ. ಲೂಕನೇ ಪೀಠಿಕೆಯಲ್ಲಿ ತನಗಿಂತ ಮುಂಚೆ ಬರೆದವರಿದ್ದಾರೆ, ಕಂಡವರಿಂದ ಬಂದದ್ದನ್ನು ತಾನು ವಿಚಾರಿಸಿ ಬರೆಯುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಮಾರ್ಕನ ಸುಮಾರು 660 ವಾಕ್ಯಗಳಲ್ಲಿ 600ರಷ್ಟರ ಸಾಮಗ್ರಿ ಮತ್ತಾಯನಲ್ಲಿದೆ. ಎಷ್ಟೋ ಕಡೆ ಗ್ರೀಕ್ ಪದಗಳೂ ಅವೇ. ಓಲೆಗರಿ ಓದುವವನ ಮುಂದೆ ಇದನ್ನಿಟ್ಟರೆ ಒಂದರಿಂದ ಇನ್ನೊಂದು ಹುಟ್ಟಿದೆ ಎಂದು ಹೇಳಲು ಅವನಿಗೆ ಬಹಳ ಹೊತ್ತು ಬೇಡ. ಯಾವುದರಿಂದ ಯಾವುದು ಎಂಬಲ್ಲಿ ಜಗಳ. ಮಾರ್ಕನೇ ಮೊದಲು ಎಂಬುದು ಇಂದು ಬಹುಮತ. ಮತ್ತಾಯ ಮತ್ತು ಲೂಕರು ಈಗ ಕಳೆದುಹೋಗಿರುವ ‘ಕ್ಯೂ’ ಎಂಬ ಇನ್ನೊಂದು ಆಕರವನ್ನೂ ಬಳಸಿದರೆ, ಇಲ್ಲಾ ಲೂಕ ಮತ್ತಾಯನನ್ನೇ ನೋಡಿದ್ದನೆ ಎಂಬುದು ಇನ್ನೂ ಬಗೆಹರಿದಿಲ್ಲ. ಮಧ್ಯಾಹ್ನದ ಗೋಷ್ಠಿ ಅದಕ್ಕೇ ಮೀಸಲಾಗಿರುವುದರಿಂದ ನಾನು ಕೈಹಾಕುವುದಿಲ್ಲ.

ಕಾಲದ ಅಂತರದ ಲೆಕ್ಕದಲ್ಲಿ ಸುವಾರ್ತೆಗಳು, ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ನಮ್ಮ ಶೂನ್ಯಸಂಪಾದನೆಗಿಂತ ಪುಣ್ಯ ಮಾಡಿವೆ. ಯೇಸು ಶಿಲುಬೆಗೇರಿದ್ದು ಸುಮಾರು 30ರಲ್ಲಿ. ಮಾರ್ಕನನ್ನು ಹೆಚ್ಚಿನವರು 70ರ ಆಸುಪಾಸಿಗೆ ಇಡುತ್ತಾರೆ. ಕಲ್ಯಾಣದ ಶರಣರು 12ನೇ ಶತಮಾನದವರು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆಯನ್ನು ಜೋಡಿಸಿದ್ದು 15ನೇ ಶತಮಾನದಲ್ಲಿ. ಆದರೆ ಅಂತರ ಕಡಿಮೆಯಾದ ಮಾತ್ರಕ್ಕೆ ಕೈ ತಿದ್ದುವುದಿಲ್ಲ ಎಂದಲ್ಲ. ಲೂಕನ ಎರಡನೆಯ ಅಧ್ಯಾಯದಲ್ಲಿ ಮಗುವಿನ ‘ತಂದೆ’ ಎಂದಿದ್ದಲ್ಲಿ ಕೆಲವು ಲಿಪಿಕಾರರು ‘ಯೋಸೇಫ’ ಎಂದು ಬರೆದರು. ಕನ್ಯಾಜನನದ ನಂಬಿಕೆಗೆ ಧಕ್ಕೆ ಬಾರದಿರಲಿ ಎಂಬ ಎಚ್ಚರ. ಇದು ಎಂದೋ ಎಲ್ಲೋ ನಡೆದದ್ದು ಎಂದು ನಗಬೇಡಿ. ಬಸವಣ್ಣನ ವಚನಗಳಲ್ಲಿ ‘ಕೂಡಲಸಂಗಮದೇವ’ ಇದ್ದ ಕಡೆ ‘ಲಿಂಗದೇವ’ ಎಂದು ಅಂಕಿತ ಬದಲಿಸಿದ ‘ಬಸವ ವಚನ ದೀಪ್ತಿ’ ಅಚ್ಚಾದದ್ದು ನಮ್ಮ ಕಾಲದಲ್ಲೇ. ಸರ್ಕಾರ 1998ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಎರಡು ಕಡೆಯೂ ತಿದ್ದಿದವರು ಭಕ್ತರೇ, ಮೋಸಗಾರರಲ್ಲ. ಪಾಠ ಕೆಡಲು ದುರುದ್ದೇಶವೇ ಬೇಕಿಲ್ಲ.

ಉತ್ಸಾಹವೂ ಸಾಕು. 2012ರಲ್ಲಿ ಅಮೆರಿಕದ ಒಂದು ಚರ್ಚಾಕೂಟದಲ್ಲಿ ಮಾರ್ಕನ ಸುವಾರ್ತೆಯ ಒಂದನೇ ಶತಮಾನದ ತುಣುಕೇ ಸಿಕ್ಕಿದೆ ಎಂದು ಸಾರಿದರು. ಆರು ವರ್ಷ ಕಾದ ಮೇಲೆ 2018ರಲ್ಲಿ ಪ್ರಕಟವಾದದ್ದು ಮೊದಲ ಅಧ್ಯಾಯದ ಕೆಲವೇ ಸಾಲುಗಳುಳ್ಳ ಒಂದು ಹರಕು ಪಪೈರಸ್. ಕಾಲ, 2ನೇ ಶತಮಾನದ ಕೊನೆ ಅಥವಾ 3ನೇ ಶತಮಾನದ ಮೊದಲು. ಅದು ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ. ಆ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅಲ್ಲಿಯದೇ ಇನ್ನೊಂದು ಪಪೈರಸ್‌ನ ಗ್ರೀಕ್ ಪ್ರಹಸನದಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಹುಲ್ಷ್ ಎಂಬ ಜರ್ಮನ್ ವಿದ್ವಾಂಸ 1904ರಲ್ಲಿ ವಾದಿಸಿದ. ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಗೆ ಇಳಿದರು. ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದ ಪೈಗಳೇ ಅವರು! ಆ ಮಾತುಗಳು ಕನ್ನಡವೆ ಅಲ್ಲವೆ ಎಂಬ ವಾದ ಮುಗಿದಿಲ್ಲ. ನಮಗೆ ಬೇಕಾದದ್ದು ಸಿಕ್ಕಿತು ಅನ್ನಿಸಿದಾಗಲೇ ಭೂತಗನ್ನಡಿ ಇನ್ನಷ್ಟು ಹತ್ತಿರ ಹಿಡಿಯಬೇಕು, ಅಷ್ಟೆ.

ಸುವಾರ್ತೆಗಳು ವಿಶ್ವಾಸಾರ್ಹವೆ ಎಂದು ಇಡಿಯಾಗಿ ಕೇಳುವುದೇ ನನಗೆ ಸರಿ ಕಾಣುವುದಿಲ್ಲ. ಯಾವ ಸಂಗತಿಗೆ ಎಂದು ಕೇಳಬೇಕು. ಮಂಟೇಸ್ವಾಮಿ ಕಾವ್ಯವನ್ನು ನೋಡಿ. ಕಲ್ಯಾಣಕ್ಕೆ ಕೊಳಕು ವೇಷದಲ್ಲಿ ಬಂದ ಮಂಟೇದಲಿಂಗಯ್ಯನನ್ನು ಬಸವಣ್ಣನ ಬಾಗಿಲಲ್ಲೇ ತಡೆಯುತ್ತಾರೆ. ನೀಲಗಾರ ಗಾಯಕರು ಹಾಡುವ ಈ ಪ್ರಸಂಗವನ್ನು ಹಿಡಿದು ಇಸವಿ ನಿರ್ಧರಿಸಲಾಗದು. ಆದರೆ ಕಲ್ಯಾಣದ ಒಳಗೆ ಯಾರಿದ್ದರು, ಹೊಸ್ತಿಲ ಆಚೆ ಯಾರು ಉಳಿದರು ಎಂಬ ನೆನಪಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಇದೇ ಕಣ್ಣಿನಿಂದ ಒಂದು ಪ್ರಸಂಗವನ್ನು ಮೊದಲ ಗೋಷ್ಠಿಗೆ ಒಪ್ಪಿಸಿ ಮಾತು ಮುಗಿಸುತ್ತೇನೆ. ನಿಮ್ಮ ಫೈಲಿನಲ್ಲಿ ಮೂರು ಕಾಲಂಗಳ ಒಂದು ಜೆರಾಕ್ಸ್ ಇದೆ: ಯೇಸುವಿನ ದೀಕ್ಷಾಸ್ನಾನ. ಮಾರ್ಕ ಯಾವ ಅಳುಕೂ ಇಲ್ಲದೆ ಯೇಸುವಿಗೆ ಯೋಹಾನನ ಕೈಯಿಂದ ಸ್ನಾನ ಮಾಡಿಸುತ್ತಾನೆ. ಮತ್ತಾಯನಲ್ಲಿ ಯೋಹಾನ ತಾನೇ ಹಿಂಜರಿದು ಬೇಡವೆನ್ನುತ್ತಾನೆ. ಲೂಕ ಯೋಹಾನನನ್ನು ಸೆರೆಮನೆಗೆ ಹಾಕಿಸಿದ ಸುದ್ದಿ ಮೊದಲು ಹೇಳಿ, ಆಮೇಲೆ ಸ್ನಾನ ಆಯಿತು ಎನ್ನುತ್ತಾನೆ; ಮಾಡಿಸಿದವರ ಹೆಸರಿಲ್ಲ. ನಾಲ್ಕನೆಯ ಸುವಾರ್ತೆಯಲ್ಲಿ ಸ್ನಾನದ ವಿವರವೇ ಇಲ್ಲ. ಹಿರಿಯನು ಕಿರಿಯನಿಂದ ದೀಕ್ಷೆ ಪಡೆದನೆ ಎಂಬ ಮುಜುಗರ ಹೆಜ್ಜೆಹೆಜ್ಜೆಗೂ ಬೆಳೆಯುತ್ತದೆ. ಆದ್ದರಿಂದಲೇ ಘಟನೆ ನಿಜವಾಗಿ ನಡೆದಿರಬೇಕು ಎಂಬುದು ಬಹುಪಾಲು ವಿದ್ವಾಂಸರ ತೀರ್ಮಾನ.

ಅದರ ಪಕ್ಕದಲ್ಲಿ ಸೊನ್ನಲಿಗೆಯ ಶರಣ ಸಿದ್ಧರಾಮನನ್ನು ನಿಲ್ಲಿಸಿ. ಅವನಿಗೆ ಇಷ್ಟಲಿಂಗ ದೀಕ್ಷೆ ಆಯಿತೆ ಇಲ್ಲವೆ ಎಂಬಲ್ಲಿ ನಾಲ್ಕು ಶೂನ್ಯಸಂಪಾದನೆಗಳೂ ಒಂದೇ ಮಾತಾಡುವುದಿಲ್ಲ. ಕೊನೆಯವನಾದ ಗೂಳೂರು ಸಿದ್ಧವೀರಣಾರ್ಯನಲ್ಲಿ ಚೆನ್ನಬಸವಣ್ಣನ ಕೈಯಿಂದ ದೀಕ್ಷೆ ಆಗುತ್ತದೆ. ಅಂದರೆ ಅಲ್ಲಿ ಕಾಲ ಸರಿದಂತೆ ದೀಕ್ಷೆ ಮಸುಕಾಗುತ್ತದೆ, ಇಲ್ಲಿ ಕೊನೆಯವನಲ್ಲಿ ದೀಕ್ಷೆ ಗಟ್ಟಿಯಾಗುತ್ತದೆ. ಯೇಸು ಯಾರ ಶಿಷ್ಯನೂ ಆಗಬಾರದಿತ್ತು. ಸಿದ್ಧರಾಮ ಪಂಗಡದ ಹೊರಗೆ ಉಳಿಯಬಾರದಿತ್ತು. ಹಾಗಾದರೆ ಮುಜುಗರವನ್ನೇ ಸತ್ಯದ ಗುರುತು ಎಂದು ಹಿಡಿಯುವ ಅಳತೆಗೋಲು ಎರಡೂ ಕಡೆ ನಡೆಯುತ್ತದೆಯೆ? ಮಾರ್ಕನಿಗೇ ಇಲ್ಲದ ಮುಜುಗರವನ್ನು ಮಾರ್ಕನ ಪರ ಸಾಕ್ಷಿಯಾಗಿ ಹೂಡಬಹುದೆ? ಚಹಾಕ್ಕೆ ಮುಂಚೆ ಇನ್ನೂ ಮುಕ್ಕಾಲು ಗಂಟೆ ಇದೆ, ಮೊದಲ ಗೋಷ್ಠಿಯವರು ಇಲ್ಲಿಂದಲೇ ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.