ಗಡಿಯಾರ ಬದಲಾದಾಗ ಮನೆಯವರ ನಿದ್ರೆ



ನಮ್ಮ ದೇಶದಲ್ಲಿ ಋತುವಿಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಒಂದು ಗಂಟೆ ಮುಂದಿಟ್ಟದ್ದುಂಟು. ಆದರೆ ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ. ಆ ದೇಶದ ವೇಳೆಗೆ ದುಡಿಯುವ ಬೆಂಗಳೂರಿನ ಕಚೇರಿಗಳಲ್ಲಿ ಸಂಜೆ ಏಳೂವರೆಗೆ ಮೊದಲಾಗುತ್ತಿದ್ದ ಪಾಳಿ ಮರುದಿನದಿಂದ ಆರೂವರೆಗೇ ಮೊದಲಾಗುತ್ತದೆ. ಹಳ್ಳಿಯಿಂದ ಬಂದು ಚಾಮರಾಜಪೇಟೆಯಲ್ಲಿ ಸಂಸಾರ ಹೂಡಿ, ಆ ನೌಕರರನ್ನು ಕಾರಿನಲ್ಲಿ ಕರೆದೊಯ್ಯುವ ಚಾಲಕನಿಗೂ ಇದು ತಪ್ಪದು.

ಬೆಳಗಿನ ಜಾವ ಬಂದವನು ಮಲಗುವ ಹೊತ್ತಿಗೆ ನಲ್ಲಿಯ ಸದ್ದು, ಸೊಪ್ಪಿನವಳ ಕೂಗು, ಮಗುವಿನ ಅಳು. ಆತ ಸಿಡುಕಿದರೆ ಸ್ವಭಾವವೇ ಹಾಗೆಂದು ಮಡದಿ ನೊಂದುಕೊಳ್ಳುತ್ತಾಳೆ. ನಿದ್ರೆಯ ಕೊರತೆಯೆಂದು ಇಬ್ಬರಿಗೂ ಹೊಳೆಯದು. ಅದೇ ಕೊರತೆ ರಸ್ತೆಯಲ್ಲಿ ಕ್ಷಣಮಾತ್ರ ರೆಪ್ಪೆ ಮುಚ್ಚಿಸಿದರೆ?

ತಡವಾಗಿ ಮಲಗುವುದಕ್ಕಿಂತ ಬೇಗ ನಿದ್ರೆ ತರಿಸಿಕೊಳ್ಳುವುದು ಶರೀರಕ್ಕೆ ಕಷ್ಟ. ಆದುದರಿಂದ ನಾಲ್ಕು ದಿನ ಮೊದಲಿನಿಂದಲೇ ಊಟವನ್ನೂ ಏಳುವ ಹೊತ್ತನ್ನೂ ದಿನಕ್ಕೆ ಕಾಲು ಗಂಟೆ ಬೇಗ ಮಾಡಿಕೊಳ್ಳತಕ್ಕದ್ದು. ಹಗಲಿನಲ್ಲಿ ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿರಿ. ಮಲಗುವ ಮುನ್ನಿನ ಆರು ಗಂಟೆಗಳಲ್ಲಿ ಕಾಫಿ ಬೇಡ. ಬೆಂಗಳೂರಿನಲ್ಲಿದ್ದು ಇದನ್ನು ಪಾಲಿಸುವುದು ಸುಲಭವಲ್ಲವೆಂದು ಬಲ್ಲೆ. ತೂಕಡಿಕೆ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಒರಗುವುದು ಲೇಸು. ಮಡದಿಯೂ ಮಧ್ಯಾಹ್ನ ಅರ್ಧ ಗಂಟೆ ಮಲಗಲಿ. ಅವನೊಡನೆ ಅವಳ ನಿದ್ರೆಯೂ ಕೆಟ್ಟಿರುತ್ತದೆ. ನವೆಂಬರಿನ ಮೊದಲ ಭಾನುವಾರದ ನಂತರ ಪಾಳಿ ಮತ್ತೆ ಏಳೂವರೆಗೆ ಮರಳುತ್ತದೆ. ಆಗ ತೊಂದರೆ ಕಡಿಮೆ.